ಕಚ್ಚುವ ತಾಯಿಯ ಮರಿ

ನಮ್ಮ ನಾಯಿ ಮರಿ ಹಾಕಿದ ವಾರವೇ ತೋಟದ ರೈಟರ ಕಾಲಿಗೆ ಬಾಯಿ ಹಾಕಿತು. ಲೆಕ್ಕ ಬರೆಯುವವರು ಬಾಣಂತಿಯ ಗೂಡಿನೊಳಗೆ ಇಣುಕಬಾರದಿತ್ತು. ಆದರೆ ಸುದ್ದಿ ಮೂಡಿಗೆರೆ ದಾಟಿ ಕಳಸದವರೆಗೂ ಹೋಯಿತು. ಮರಿ ಬೇಕೆಂದು ಮೊದಲೇ ಹೇಳಿಟ್ಟಿದ್ದವರು, ತಾಯಿಯ ಬುದ್ಧಿ ಮರಿಗೂ ಬಂದೀತೆಂದು ಹಿಂದೆ ಸರಿದರು. ಅಪ್ಪ ಯಾರೆಂದು ಒಬ್ಬರೂ ಕೇಳಲಿಲ್ಲ. ಈ ವಿಷಯದಲ್ಲಿ ನಾಯಿಗೂ ಸೊಸೆಗೂ ಒಂದೇ ನ್ಯಾಯ.

ಅವರಿವರ ಕೈಕಾಲು ಹಿಡಿದು ಮಿಕ್ಕವನ್ನೆಲ್ಲ ದಾಟಿಸಿದರೂ ಒಂದು ಹೆಣ್ಣು ಮರಿ ಉಳಿಯಿತು. ಮನೆ ಸಿಗದಿದ್ದರೆ ಕಳಸದ ಪೇಟೆಯಲ್ಲಿ ಬಿಟ್ಟು ಬರುತ್ತೇನೆಂದರು ನಮ್ಮ ಯಜಮಾನರು. ನನಗೆ ಊಟ ಸೇರಲಿಲ್ಲ.

ಆಗ ಬಂದಳು ಅಕ್ಕನ ಮಗಳು. ನಾಯಿಯ ಸ್ವಭಾವ ವಂಶವಾಹಿಯಿಂದ ಎಷ್ಟು ಬರುತ್ತದೆ, ಸಾಕಿದ ರೀತಿಯಿಂದ ಎಷ್ಟು ಎಂಬುದು ಅವಳ ಸಂಶೋಧನೆ. ಹತ್ತಿ ಸುತ್ತಿದ ಕಡ್ಡಿಯಿಂದ ಮರಿಯ ಜೊಲ್ಲು ತೆಗೆದಳು. ಆಮೇಲೆ ಧೈರ್ಯದ ಪರೀಕ್ಷೆಗೆಂದು ಅದರ ಮುಂದೆ ಫಟ್ಟನೆ ಕೊಡೆ ಬಿಚ್ಚಿದಳು. ಬೇರೆ ಊರಿನ ನಾಯಿಗಳು ಬೆಚ್ಚಿಬೀಳುತ್ತವಂತೆ. ನಮ್ಮ ಮರಿ ಬಾಲ ಅಲ್ಲಾಡಿಸುತ್ತ ಗೇಟಿಗೆ ಓಡಿತು. ಹುಟ್ಟಿದಾಗಿನಿಂದ ಮಳೆಯನ್ನೇ ಕಂಡ ಮರಿಗೆ, ಕೊಡೆ ಬಿಚ್ಚಿದರೆ ತೋಟಕ್ಕೆ ಹೊರಟೆವೆಂದೇ ಅರ್ಥ. ಆಚೆ ಜಾವಳಿ ಊರಿನವರೆಗೂ ಅವಳು ನೋಡಿದ ನಾಯಿಗಳೆಲ್ಲ ಹೀಗೆಯೇ ಶೂರರೆನಿಸಿಕೊಂಡವು. ಪಾಪ, ಪರೀಕ್ಷೆಯೇ ಕೆಟ್ಟಿತೆಂದು ಹುಡುಗಿ ತಲೆಯ ಮೇಲೆ ಕೈಹೊತ್ತು ಕೂತಳು.

ಮರಿ ನೋಡಲು ಬಂದ ಜಾವಳಿಯ ಪ್ಲಾಂಟರೊಬ್ಬರು ಅವಳನ್ನೇ ಕೇಳಿದರು. "ಇದೂ ಕಚ್ಚುತ್ತೇನಮ್ಮ?"

"ಒಂದು ಮರಿ ನೋಡಿ ಹೇಳಕ್ಕಾಗಲ್ಲ. ಸಾವಿರಾರು ನಾಯಿ ನೋಡ್ಬೇಕು. ಆಮೇಲೂ, ಈ ನಾಯಿ ಹೀಗೇ ಅಂತ ಹೇಳಕ್ಕಾಗಲ್ಲ."

"ಇಷ್ಟೆಲ್ಲ ಓದಿ ಇದೊಂದು ಗೊತ್ತಿಲ್ವಾ ಮಾರಾಯ್ತಿ?"

ನಾನು ಅಷ್ಟೆಲ್ಲ ಓದದಿದ್ದದ್ದು ಒಳ್ಳೆಯದೇ ಆಯಿತು. "ಪರೀಕ್ಷೇಲಿ ಪಾಸಾಗಿದೆ, ಕರ್ಕೊಂಡು ಹೋಗಿ" ಎಂದುಬಿಟ್ಟೆ. ಅವರು ಜೀಪಿಗೆ ಹತ್ತಿಸಿಕೊಂಡು ಹೋದರು. ಖುಷಿಯೂ ಆಯಿತು, ಅಳುವೂ ಬಂತು.

ವರ್ಷ ಕಳೆದರೂ ಅದು ಯಾರನ್ನೂ ಕಚ್ಚಲಿಲ್ಲ. "ನಮ್ಮನೆ ಅನ್ನದ ಗುಣ" ಎಂದು ಪ್ಲಾಂಟರು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದರು. ನನಗೆ ನೋಡಬೇಕೆನಿಸಿ, ಬಿಸ್ಕೆಟ್ ಹಿಡಿದು ಜಾವಳಿಗೆ ಹೋದೆ. ಗೇಟು ದಾಟುತ್ತಲೇ ಅದು ನನ್ನ ಮುಂಗೈಗೆ ಹಲ್ಲು ಊರಿತು.

"ನೋಡಿ, ನಿಮ್ಮನೆ ರಕ್ತ ಎಲ್ಲಿ ಹೋಗುತ್ತೆ!" ಎನ್ನುತ್ತ ಅವರು ಗಾಯ ತೊಳೆಯಲು ನಲ್ಲಿಯ ಹತ್ತಿರ ಸೋಪು ತಂದುಕೊಟ್ಟರು.

ಉರಿಗಿಂತ ಹೆಚ್ಚು ನನಗೆ, ವಾಪಸ್ ಬಂದರೆ ಯಜಮಾನರು ಇದನ್ನು ಬಿಟ್ಟುಬರುವ ಕಳಸದ ಪೇಟೆಯದೇ ಭಯ. "ವಾಪಸ್ ಕಳಿಸ್ತೀರಾ?" ಎಂದೆ.

"ಎಂತಕ್ಕೆ? ನಮ್ಮೋರ್ನ ಯಾರ್ನೂ ಕಚ್ಚಿಲ್ವಲ್ಲ" ಎಂದರು ಅವರು.