ಮೊದಲು ತಂದಿಟ್ಟ ಮುಚ್ಚಳ

ಕಿಟಕಿಯ ಗಾಜು ಒರೆಸಲು ತಂದ ಹೊಸ ಸೀಸೆಯನ್ನು ಮೊನ್ನೆ ತೆರೆದೆ. ಅಮೋನಿಯಾದ ಘಾಟು ಮೂಗಿಗೆ ಬಡಿಯಿತು. ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿದ್ದ ನಮ್ಮ ಡಿಸೈನ್ ಆಫೀಸಿನಲ್ಲಿ ಅಮೋನಿಯಾ ಹಾಯಿಸಿ ನಕ್ಷೆಯ ಪ್ರತಿ ತೆಗೆಯುತ್ತಿದ್ದ ಪ್ರಿಂಟ್ ಕೋಣೆ, ಅಲ್ಲಿ ನಕ್ಷೆಗಳನ್ನು ಮಡಚುತ್ತ ನಿಂತ ಕಾಕಾ... ಗಾಜು ಒರೆಸುವುದು ಅಲ್ಲಿಗೇ ನಿಂತಿತು.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಅವರು ಗದಗಿನ ಕಡೆಯವರು, ಇಪ್ಪತ್ತು ವರ್ಷ ಡ್ರಾಯಿಂಗ್ ಬೋರ್ಡಿನ ಮೇಲೆ ಗೆರೆ ಎಳೆದವರು. ನಾನು ಕಾಕಾ ಎನ್ನುತ್ತಿದ್ದೆ. ಗುಜರಾತಿಗಳಿಗೂ ಅದೇ ಮಾತು, ಹಾಗಾಗಿ ಇಡೀ ಆಫೀಸಿಗೇ ಕಾಕಾ ಆದರು. ಕಂಪ್ಯೂಟರ್ ಅವರ ಕೈಗೆ ತಡವಾಗಿ ಬಂದರೂ ಯಂತ್ರದ ನಡೆ ನಮ್ಮೆಲ್ಲರಿಗಿಂತ ಬೇಗ ಅರ್ಥವಾಗುತ್ತಿತ್ತು. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ನಮ್ಮ ಕ್ಯಾಡ್‌ನಲ್ಲಿ ಬಿಡಿಭಾಗಗಳನ್ನು ಜೋಡಿಸುವಾಗ ಮೊದಲು ತಂದಿಟ್ಟದ್ದು ತಾನಾಗಿ ನೆಲಕ್ಕೆ ಕಚ್ಚಿಕೊಳ್ಳುತ್ತಿತ್ತು. ಉಳಿದವು ಕೀಲು ಬಿಟ್ಟಷ್ಟು ಮಾತ್ರ ಅಲುಗುತ್ತಿದ್ದವು.

"ಮೊದಲ ಕುಂತದ್ದು ಏಳಂಗಿಲ್ಲ. ಯಾವುದನ್ನ ಕುಂದ್ರಸಬೇಕು, ನೋಡಿ ಕುಂದ್ರಸು," ಎಂದು ಮೊದಲ ದಿನವೇ ಹೇಳಿದ್ದರು.

ನಕ್ಷೆಯ ಮೂಲೆಯ ಚೌಕದಲ್ಲಿ ಬರೆದವರ, ಪರಿಶೀಲಿಸಿದವರ ಹೆಸರು ಇರುತ್ತದಲ್ಲ, ಅದನ್ನು ಯಂತ್ರ ಓಡುವುದನ್ನು ತೋರಿಸುವ ಅನಿಮೇಷನ್ನಿನಲ್ಲೂ ಹಾಕಿಸುತ್ತಿದ್ದರು. ಮುದುಕನ ಹಳೇ ಚಾಳಿ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ಬಟ್ಟೆಗೆ ಬಣ್ಣ ಹಾಕುವ ದೊಡ್ಡ ಪಾತ್ರೆಯೊಂದರ ಮುಚ್ಚಳ ಹೇಗೆ ತೆರೆಯುತ್ತದೆಂದು ಮಿಲ್ಲಿನ ಶೇಠರೊಬ್ಬರಿಗೆ ತೋರಿಸಬೇಕಿತ್ತು. ಮುಚ್ಚಳ ನಾನು ಮಾಡಿದ್ದು. ಆ ಜಂಬಕ್ಕೆ ಅದನ್ನೇ ಮೊದಲು ತಂದಿಟ್ಟು ಪಾತ್ರೆಯನ್ನು ಅದರ ಕೀಲಿಗೆ ಸೇರಿಸಿದೆ. ಓಡಿಸಿ ನೋಡಿದೆಯಾ ಎಂದು ಕಾಕಾ ಕೇಳಿದರು. ನೋಡಿದ್ದೇನೆ ಎಂದು ಸುಳ್ಳು ಹೇಳಿದೆ. ನನ್ನ ಮಾತು ನಂಬಿ ಚೌಕದಲ್ಲಿ ತಮ್ಮ ಹೆಸರು ಹಾಕಿದರು.

ಶೇಠರ ಎದುರು ಪರದೆಯ ಮೇಲೆ ಕೀಲು ತಿರುಗಿಸಿದಾಗ ಮುಚ್ಚಳ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕಾಲುಗಳ ಸಮೇತ ಇಡೀ ಪಾತ್ರೆಯೇ ಮೇಲೆದ್ದು ತಲೆಕೆಳಗಾಯಿತು. ಶೇಠರು ಹೊಟ್ಟೆ ಹಿಡಿದು ನಕ್ಕು, ಚಹಾ ಕುಡಿದು, ಆರ್ಡರ್ ಕೊಡದೆ ಹೋದರು. ಪರಿಶೀಲಿಸಿದ್ದು ಯಾರು ಎಂದು ಮಾಲೀಕರು ಕೇಳಿದರು. ಕಾಕಾ ಎದ್ದು ನಿಂತು "ಮೈನೇ", ನಾನೇ, ಎಂದಷ್ಟೇ ಹೇಳಿ ನನ್ನ ಕಡೆ ನೋಡಿದರು. ನಾನು ಕೀಬೋರ್ಡ್ ನೋಡುತ್ತಿದ್ದೆ. ಮುಚ್ಚಳವನ್ನು ಬಿಡಿಸಿ ಪಾತ್ರೆಯನ್ನು ನೆಲಕ್ಕೆ ಕೂರಿಸಲು ಅರ್ಧ ನಿಮಿಷ ಸಾಕಿತ್ತು; ಬಾಯಿ ಬಿಡಲು ಅಷ್ಟೂ ಬೇಕಿರಲಿಲ್ಲ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹೆದರಿದೆ.

ಮರುವಾರ ಅವರನ್ನು ಪ್ರಿಂಟ್ ಕೋಣೆಗೆ ಹಾಕಿದರು. ಅವರ ಕುರ್ಚಿ ನನಗೆ ಬಂತು, ನಾಚಿಕೆಯಿಲ್ಲದೆ ಕೂತೆ. ಒಮ್ಮೆ ನಕ್ಷೆ ತರಲು ಹೋದಾಗ ಆ ಘಾಟಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದರು:

"ಒಂದ ಮಾತ ಆಡಬಹುದಿತ್ತಲ್ಲೋ ತಮ್ಮಾ."

ಎರಡು ಪ್ರತಿ ಬೇಕು ಎಂದೆ ನಾನು.

ದೀಪಾವಳಿಯ ರಜೆಗೆ ಊರಿಗೆ ಹೋದವರು ಮತ್ತೆ ಬರಲಿಲ್ಲ. ತೀರಿಕೊಂಡ ಸುದ್ದಿಯೂ ನನ್ನನ್ನು ಮುಟ್ಟುವಷ್ಟರಲ್ಲಿ ಹಳೆಯದಾಗಿತ್ತು...

ಈಗ ವಡೋದರದಲ್ಲಿ ನನ್ನ ಕೈಕೆಳಗೆ ಆರು ಜನರಿದ್ದಾರೆ. ಪ್ರತಿ ಅನಿಮೇಷನ್ನಿನಲ್ಲೂ ಆ ಚೌಕ ಹಾಕಿಸುತ್ತೇನೆ, ಓಡಿಸಿ ನೋಡದೆ ಹೆಸರು ಹಾಕುವುದಿಲ್ಲ. ಸರ್ ಬಹಳ ಶಿಸ್ತಿನವರು ಎಂದು ಅವರೆಲ್ಲ ಹೊಗಳುತ್ತಾರೆ. ಇದನ್ನು ಯಾರಿಂದ ಕಲಿತಿರಿ ಎಂದು ಹೋದ ವಾರ ಒಬ್ಬಳು ಕೇಳಿದಳು. ಹಾಗೇ ಅನುಭವದಿಂದ, ಎಂದೆ.