ಅಜ್ಜಿ ಕೂತ ಹೊಲ

ನಮ್ಮ ಮನೆತನ ಭೂಮಿ ಖರೀದಿಸಿದ್ದು ಒಂದೇ ಸಲ. ಅದಕ್ಕೆ ಮುಂಚೆ ಧಾರವಾಡದ ಕಡೆಯ ನಮ್ಮ ಹಿರಿಯರು ಭೂಮಿ ಕಳೆದುಕೊಳ್ಳುವ ಕೆಲಸವನ್ನಷ್ಟೇ ಮಾಡಿದ್ದರು. ಅದರಲ್ಲಿ ಅವರಿಗೆ ಒಳ್ಳೆಯ ಕೈಗುಣವಿತ್ತು. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಅಪ್ಪನಿಗೆ ಕೆಲಸ ಸಿಕ್ಕಿತು; ಕೆಲವು ವರ್ಷಗಳ ನಂತರ ನನಗೂ. ಊರಲ್ಲಿ ಉಳಿದಿದ್ದ ಅಜ್ಜಿಯನ್ನು, ಅಂದರೆ ಅಪ್ಪನ ತಾಯಿಯನ್ನು, ಕರೆತಂದೆವು. ಅವಳು ಎರಡು ಕೋಣೆಯ ಮನೆಯನ್ನು ಒಂದು ಸುತ್ತು ನೋಡಿ, ಹಿತ್ತಲ ಬಾಗಿಲಲ್ಲಿ ನಿಂತು ಅಪ್ಪನನ್ನು ಕೇಳಿದಳು:

"ಎಲ್ಲಾ ಛೊಲೋ ಐತಿ. ನಾ ಸತ್ತರ ನನ್ನ ಎಲ್ಲಿ ಕೂಡಸ್ತಿ?"

ನಮ್ಮಲ್ಲಿ ಸುಡುವುದಿಲ್ಲ. ಸತ್ತವರನ್ನು ಕುಳ್ಳಿರಿಸಿ, ಅಂಗೈಯಲ್ಲಿ ಅವರ ಇಷ್ಟಲಿಂಗವನ್ನಿಟ್ಟು ಮಣ್ಣು ಮಾಡುತ್ತೇವೆ. ಒಕ್ಕಲುತನದ ಮನೆಯವರಿಗೆ ಅದು ಸ್ವಂತ ಹೊಲದ ಮೂಲೆಯಲ್ಲೇ ಆಗಬೇಕು. ಊರ ರುದ್ರಭೂಮಿ ಐತಲ್ಲ ಎಂದು ಅಪ್ಪ ಹೇಳಿದ್ದಕ್ಕೆ ಅಜ್ಜಿ ಎರಡು ಹೊತ್ತು ಊಟ ಬಿಟ್ಟಳು.

"ಮಂದಿ ಮಣ್ಣಾಗ ಕೂಡೂದಿಲ್ಲ ನಾ. ಹೇಳೇನಿ."

ಹೀಗೆ, ಬದುಕುವುದಕ್ಕಲ್ಲ, ಸಾಯುವುದಕ್ಕೆಂದು ನಮ್ಮ ಭೂಶೋಧನೆ ಆರಂಭವಾಯಿತು. ಹಳಿಯಾಳದ ಹಾದಿಯ ಒಂದು ಹಳ್ಳಿಯಲ್ಲಿ ಒಂದು ಎಕರೆ ಭತ್ತದ ಗದ್ದೆ ಮಾರಾಟಕ್ಕಿತ್ತು. ಮಾರುವವನು ನಮ್ಮವನೇ, ಹಣೆಯ ತುಂಬ ವಿಭೂತಿ, ಮೆಲ್ಲಗಿನ ಮಾತು. ಅವನು ಮನೆಗೆ ಬಂದು ಚಹಾ ಕುಡಿದು ಹೋದ ಮೇಲೆ ನನ್ನ ಅವ್ವ ಒಳಗಿನಿಂದಲೇ ಅಂದಳು:

"ಅವಗ ಅಣ್ಣತಮ್ಮಂದಿರು ಯಾರದಾರ ಕೇಳ್ರಿ. ಉತಾರ ತಗಸ್ರಿ, ಹೊಲದ ಮ್ಯಾಲ ಯಾರ್ಯಾರ ಹೆಸರ ಐತಿ ನೋಡೂಣು. ಬಾಜೂಕಿನ ಹೊಲದವ್ರನ್ನೂ ಒಂದ ಮಾತ ಕೇಳ್ರಿ."

ಅವ್ವನ ತವರುಮನೆಯವರು ಒಂದು ಬದುವಿನ ಸಲುವಾಗಿ ಕೋರ್ಟು ಹತ್ತಿದವರು. ಹಾಗಾಗಿ ಅವಳಿಗೆ ಇದೆಲ್ಲ ಅಡುಗೆಯಷ್ಟೇ ರೂಢಿ.

ಮಾರುವವನು ಮರುವಾರ ಬಂದಾಗ ಅಪ್ಪ ಬಹಳ ಸಂಕೋಚದಿಂದ ಉತಾರದ ಮಾತೆತ್ತಿದ. ಆತ ಸಿಟ್ಟಾಗಲಿಲ್ಲ. ಕೈಕಾಲು ತೊಳೆದು ಬಂದು, ಕೊರಳಲ್ಲಿದ್ದ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡ.

"ಈ ಹೊಲ ನಂದು. ನನ್ನ ಬಿಟ್ಟು ಇದಕ್ಕ ಬ್ಯಾರೆ ಧಣಿ ಇಲ್ಲ."

ಅಜ್ಜಿ ಎದ್ದು ನಿಂತು ಕೈಮುಗಿದಳು. ವ್ಯವಹಾರ ಅಲ್ಲಿಗೆ ಮುಗಿಯಿತು. ಅವ್ವ ಮತ್ತೊಮ್ಮೆ ಬಾಯಿ ತೆರೆದಾಗ ಅಜ್ಜಿ ತಿರುಗಿಬಿದ್ದಳು:

"ಲಿಂಗ ಹಿಡದು ಹೇಳಿದ ಮ್ಯಾಲ ಕಾಗದಾ ಕೇಳತೀಯೇನ? ನಿನ್ನ ಗಂಡ ದಿನಾ ಬಿದಿರು ಕುದಿಸಿ ಮಾಡೂದ ಅಲ್ಲೇನು ಅದು? ಬಿದಿರಿನ ಗಂಜಿ! ಅದು ಹೆಚ್ಚೋ, ಲಿಂಗ ಹೆಚ್ಚೋ?"

ಕಾಗದ ಮಾಡುವವನ ಮನೆಯಲ್ಲಿ ಕಾಗದಕ್ಕೆ ಇದಕ್ಕಿಂತ ದೊಡ್ಡ ಅವಮಾನ ಆಗಿರಲಿಕ್ಕಿಲ್ಲ. ಅಪ್ಪ ತಲೆ ತಗ್ಗಿಸಿದ. ಖರೀದಿ ಪತ್ರವೇನೋ ರೀತಿಪ್ರಕಾರ ನೋಂದಣಿಯಾಯಿತು, ಸಾಕ್ಷಿಗಳು ಸಹಿ ಹಾಕಿದರು, ಪೇಢೆ ಹಂಚಿದೆವು. ನೋಂದಣಿ ಎಂದರೆ ಇಂಥವನು ಮಾರಿದ ಎಂಬುದಕ್ಕೆ ಸಾಕ್ಷಿ; ಮಾರಿದ್ದು ಅವನದೇ ಎಂಬುದಕ್ಕಲ್ಲ. ಈ ವ್ಯತ್ಯಾಸವನ್ನು ಕಲಿಯಲು ನಾವು ಒಂದು ಹೆಣ ಹೂಳಬೇಕಾಯಿತು.

ಅಜ್ಜಿ ತನ್ನ ಜಾಗವನ್ನು ತಾನೇ ಆರಿಸಿದಳು. ಪಡುವಣ ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಅಳತೆ ಸರಿಹೋಯಿತೆಂಬಂತೆ ಸುತ್ತ ನೋಡಿ, "ಗಾಳಿ ಛೊಲೋ ಬರತೈತಿ" ಅಂದಳು. ಮರುವರ್ಷದ ಚಳಿಯಲ್ಲಿ ತೀರಿಕೊಂಡಳು. ಹೇಳಿದ ಜಾಗದಲ್ಲೇ ಕೂಡಿಸಿದೆವು. ಅಷ್ಟು ಸಮಾಧಾನದ ಮುಖವನ್ನು ಅವಳು ಬದುಕಿದ್ದಾಗ ನಾನು ಕಂಡಿರಲಿಲ್ಲ.

ಮಳೆಗಾಲದ ಮೊದಲ ಉಳುಮೆಗೆ ಹೋದಾಗ ಹೊಲದ ಬದುವಿನ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ಕಂಕುಳಲ್ಲಿ ಕೂಸು, ಬೋಳು ಹಣೆ. ಮಾರಿದವನ ಸತ್ತ ಅಣ್ಣನ ಹೆಂಡತಿ. ಗಂಡ ಸತ್ತ ಮೇಲೆ ಮುಂಡಗೋಡದ ಕಡೆಯ ತವರಿಗೆ ಹೋದವಳು ಈಗ ಮರಳಿದ್ದಳು.

"ಅಣ್ಣಾರ, ಇದರಾಗ ಅರ್ಧಾ ನಂದು, ನನ್ನ ಕೂಸಿಂದು. ಮೈದುನ ಮಾರಿದ್ದು ನಮಗ ಗೊತ್ತಿಲ್ಲ. ನಾವು ಸಹಿ ಹಾಕಿಲ್ಲ."

ಉತಾರ ತೆಗೆಸಿದೆವು. ಎರಡನೆಯ ಸಾಲಿನಲ್ಲೇ ಅವಳ ಹೆಸರಿತ್ತು.

ವ್ಯಾಜ್ಯ ಕೋರ್ಟು ಹತ್ತಿತು. ಮಾರಿದವನು ಓಡಿಹೋಗಲಿಲ್ಲ, ಕೋರ್ಟಿಗೆ ಪ್ರತಿ ಸಲವೂ ನಮಗಿಂತ ಮುಂಚೆ ಬಂದು ಕೂತಿರುತ್ತಿದ್ದ. ಅಪ್ಪ ಒಮ್ಮೆ ಕೇಳಿಯೇಬಿಟ್ಟ, "ಲಿಂಗ ಹಿಡದು ಸುಳ್ಳ ಹೆಂಗ ಹೇಳಿದ್ರಿ?" ಆತ ನಿಜವಾಗಿ ನೊಂದುಕೊಂಡ.

"ಸುಳ್ಳ ಎಲ್ಲೆ ಹೇಳೇನ್ರಿ? ಅಣ್ಣ ಸತ್ತ, ಆಕಿ ತವರಿಗೆ ಹೋದ್ಲು. ಮತ್ತ ಹೊಲ ನಂದ ಅಲ್ಲೇನು?"

ಅವನು ಸುಳ್ಳು ಹೇಳಿರಲಿಲ್ಲ. ಅವಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಲಿಂಗಕ್ಕೆ ಆತ ತನಗೆ ತಿಳಿದಷ್ಟನ್ನು ಹೇಳಿದ್ದ.

ಪಾಲಾಗದ ಹೊಲದಲ್ಲಿ ಒಬ್ಬ ತನ್ನ ಪಾಲನ್ನಷ್ಟೇ ಮಾರಬಲ್ಲ ಎಂದು ಕೆಲವು ವರ್ಷಗಳ ಮೇಲೆ ತೀರ್ಪಾಯಿತು. ಮೋಜಣಿಯವರು ಸರಪಳಿ ಎಳೆದು ಗದ್ದೆಯನ್ನು ಎರಡು ಮಾಡಿದರು. ಮೂಡಣದ ಅರ್ಧ ನಮಗೆ. ಪಡುವಣದ್ದು ಅವಳಿಗೆ. ನ್ಯಾಯದಲ್ಲಿ ಒಂದು ಗೇಣೂ ಹೆಚ್ಚುಕಮ್ಮಿ ಇರಲಿಲ್ಲ, ಮತ್ತು ನಮ್ಮ ಅಜ್ಜಿ ಆಚೆಗೆ ಹೋದಳು.

ಅಪ್ಪ ಪಾಲು ಅದಲುಬದಲು ಮಾಡಿಕೊಳ್ಳೋಣವೆಂದು ಆ ಹೆಂಗಸಿನ ಮನೆಗೆ ಹೋದ. ನಾನೂ ಜೊತೆಗಿದ್ದೆ. ಅವಳು ಚಾಪೆ ಹಾಸಿ ನೀರು ಕೊಟ್ಟಳು.

"ಇಲ್ರೀ ಅಣ್ಣಾರ. ಕೆರಿ ನೀರು ಮೊದಲ ನನ್ನ ಪಾಲಿಗೆ ಬರತೈತಿ. ನಾ ಒಬ್ಬಾಕಿ, ನಾಳೆ ನೀರಿಗೆ ಯಾರ ಸಂಗಾಟ ಜಗಳಾಡ್ಲಿ? ಆದ್ರ ನಿಮ್ಮ ಅವ್ವಾರ ಮ್ಯಾಲ ನಾ ನೇಗಿಲಾ ಹೊಡಿಸೂದಿಲ್ಲ."

ಆಮೇಲೆ ಅವಳು ಎದ್ದು ಕೈ ತೊಳೆದು ಬಂದು, ಕೊರಳಿಗೆ ಕೈ ಹಾಕಿ ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಹೇಳಿದ:

"ಅದು ಬ್ಯಾಡವ್ವಾ. ಸ್ಟಾಂಪ್ ಪೇಪರಿನ ಮ್ಯಾಲ ಬರದು ಕೊಡು."

ಇಷ್ಟು ಕಾಲ ನನ್ನ ಅವ್ವ ಹೇಳಿ ಹೇಳಿ ಸೋತ ಬುದ್ಧಿಯನ್ನು ಅಪ್ಪ ಕೊನೆಗೂ ಉಪಯೋಗಿಸಿದ್ದ.

ಅವಳು ಲಿಂಗವನ್ನು ಮೆಲ್ಲಗೆ ಒಳಗಿಟ್ಟಳು.

"ನಮ್ಮ ಮೈದುನನ ಲಿಂಗ ನಂಬಿ ನನ್ನ ಪಾಲು ತಗೊಂಡ್ರಿ. ನನ್ನ ಲಿಂಗಕ್ಕ ಕಾಗದಾ ಕೇಳತೀರಿ. ಹೋಗ್ರಿ. ಇನ್ನ ಮ್ಯಾಲ ನನ್ನ ಬದು ದಾಟಬ್ಯಾಡ್ರಿ."

ಅಪ್ಪ ತಪ್ಪಾತು ಅನ್ನಲು ಹೊರಟ. ಅವಳು ಬಾಗಿಲು ಮುಂದೆ ಮಾಡಿಕೊಂಡಳು.

ಆ ಮಳೆಗಾಲದಲ್ಲಿ ಅವಳ ಗದ್ದೆ ನಾಟಿಯಾಯಿತು. ಪಡುವಣ ಮೂಲೆಯಲ್ಲಿ ಒಬ್ಬರು ಕೂರುವಷ್ಟು ಜಾಗಕ್ಕೆ ನೇಗಿಲು ತಾಗಿರಲಿಲ್ಲ. ಸುತ್ತ ಕಲ್ಲಿಟ್ಟಿದ್ದಳು. ಸೋಮವಾರಗಳಂದು ಅಲ್ಲಿ ಹೊಸ ವಿಭೂತಿ ಕಾಣುತ್ತಿತ್ತು. ಇಟ್ಟವರು ಯಾರೆಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಶೀಗಿ ಹುಣ್ಣಿಮೆಯ ದಿನ ಭೂಮಿಗೆ ಉಣಬಡಿಸಲು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಹೊಲದ ತುಂಬ ಅನ್ನ, ಹೋಳಿಗೆಯ ಚೂರು ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತೇವೆ. ನಾವೂ ಹೋದೆವು. ಅಪ್ಪ ನಮ್ಮ ಅರ್ಧದಲ್ಲಿ ಚರಗ ಚೆಲ್ಲುತ್ತ ಬದುವಿನ ತನಕ ಬಂದು ನಿಂತ. ಅಜ್ಜಿಗೆ ಇಷ್ಟವೆಂದು ಅವ್ವ ಬೇರೆ ಕಟ್ಟಿಕೊಟ್ಟ ಕಡುಬನ್ನು ಬಿಚ್ಚಿದ. ಆಚೆ ಆ ಹೆಂಗಸು ತನ್ನ ಪಾಲಿನ ಚರಗ ಚೆಲ್ಲುತ್ತಿದ್ದಳು. ನಮ್ಮನ್ನು ನೋಡಿಯೂ ನೋಡದ ಹಾಗಿದ್ದಳು.

ಅಪ್ಪ ಕೈಯೆತ್ತಿ ಎಸೆದ. ವಯಸ್ಸಾಗಿತ್ತು, ಬೀಸು ಸಾಲಲಿಲ್ಲ. ಕಡುಬು ಭತ್ತದ ನಡುವೆ ಎಲ್ಲೋ ಬಿತ್ತು, ಮೂಲೆಯಿಂದ ಬಹಳ ಈಚೆಗೆ.

ಅವಳು ಬಗ್ಗಿ ಅದನ್ನು ಎತ್ತಿಕೊಂಡಳು. ನಮ್ಮ ಕಡೆ ತಿರುಗದೆ ಮೂಲೆಗೆ ಹೋಗಿ ಕಲ್ಲುಗಳ ನಡುವೆ ಇಟ್ಟಳು. ಅಪ್ಪ ಬದುವಿನ ಈಚೆಯಿಂದ, ಪರರ ಮನೆಯ ಬಾಗಿಲಲ್ಲಿ ನಿಂತವನ ಹಾಗೆ, ಕೈಮುಗಿದ.