ಲಿಯೋ ಬೆರೆಸಿದ ಪಾಂಟಿಯಾಕ್ ನೀಲಿ

ಲಿಯೋ ವಿಲ್ಚೆಕ್‌ನಷ್ಟು ಹಟಮಾರಿ ನಮ್ಮೂರಲ್ಲಿ ಇನ್ನೊಬ್ಬನಿರಲಿಲ್ಲ. ಹರೆಯದಲ್ಲೇ ಎಂಜಿನ್ ಕಾರ್ಖಾನೆ ಸೇರಿ, ಸಾಲಾಗಿ ತೂಗುತ್ತ ಬರುವ ಎಂಜಿನ್‌ಗಳಿಗೆ ಬಣ್ಣ ಹೊಡೆದವನು. ಕೆಲಸ ಬಿಟ್ಟ ಮೇಲೂ ಸುಮ್ಮನೆ ಕೂರದೆ ಮನೆಯ ಗ್ಯಾರೇಜಿನಲ್ಲಿ ಅದನ್ನೇ ಮುಂದುವರಿಸಿದ. ಹಳೆಯ ಕಾರನ್ನು ಹುಟ್ಟಿದಾಗ ಇದ್ದಂತೆ ಮಾಡಿಕೊಳ್ಳುವ ಹುಚ್ಚರಿಗೆ ಮಿಶಿಗನ್ನಿನಲ್ಲಿ ಬರವಿಲ್ಲ. ಅವರ ಪಾಲಿಗೆ ಎಂಜಿನ್ನಿನ ಬಣ್ಣವೆಂದರೆ ಕುಲಗೋತ್ರವಿದ್ದ ಹಾಗೆ. ಷೆವರ್ಲೆ ಕಾರಿನದು ಕಿತ್ತಳೆ, ಪಾಂಟಿಯಾಕಿನದು ನೀಲಿ. ಆ ನೀಲಿಯಲ್ಲೂ ಅರವತ್ತೈದನೇ ಇಸವಿಯದು ಬೇರೆ, ಅರವತ್ತೇಳರದು ಬೇರೆ. ಒಂದರ ಬದಲು ಇನ್ನೊಂದು ಬಳಿದರೆ, ಹಳೆ ಕಾರುಗಳ ಪ್ರದರ್ಶನದ ದಿನ ತೀರ್ಪುಗಾರರು ಬಾನೆಟ್ಟಿನೊಳಗೆ ಇಣುಕಿ, ತುಟಿ ಕೊಂಕಿಸಿ, ಅಂಕ ಕಳೆದು ಮುಂದೆ ಹೋಗುತ್ತಾರೆ.

ತೀರಾ ಚೆಂದ ಬಳಿದರೂ ಅಂಕ ಹೋಗುತ್ತದೆ! ಕಾರ್ಖಾನೆಯಲ್ಲಿ ಯಾರಿಗಿತ್ತು ಪುರುಸೊತ್ತು? ಬೋಲ್ಟು, ಗ್ಯಾಸ್ಕೆಟ್ಟು, ಪಕ್ಕದ ಕೊಳವೆ ಎಲ್ಲದರ ಮೇಲೂ ಬಣ್ಣ ಎರಚಿ ಮುಂದಕ್ಕೆ ತಳ್ಳುತ್ತಿದ್ದರು. ಈಗ ಆ ಎರಚಲು ಕಾಣದಿದ್ದರೆ ಎಂಜಿನ್ ಅಸಲಿಯಲ್ಲ. ಲಿಯೋನ ಸೊಂಟ ಹಿಡಿದುಕೊಂಡ ಮೇಲೆ ಆ ಎರಚುವ ಕೆಲಸ ಹೆಂಡತಿ ಬರ್ನೀಸಳದಾಗಿತ್ತು. ಅವಳೂ ಅದೇ ಕಾರ್ಖಾನೆಯಲ್ಲಿ ಅವನ ಪಕ್ಕದಲ್ಲೇ ನಿಂತು ದುಡಿದವಳು.

ಬಣ್ಣ ಬೆರೆಸುವುದನ್ನು ಮಾತ್ರ ಲಿಯೋ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಬಣ್ಣದ ಮಾದರಿ ಚೂರು ಹಿಡಿದು ಹೋಲಿಸುವವರನ್ನು ಕಂಡರೆ ಅವನಿಗೆ ನಗು. ಆ ನೀಲಿ ತನ್ನ ತಲೆಯೊಳಗಿದೆ, ಇನ್ಯಾರ ತಲೆಯಲ್ಲೂ ಇಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದ. ಪ್ರತಿ ಸಲ ಬೆರೆಸಿದಾಗಲೂ ಕಾಫಿ ಡಬ್ಬದ ಮುಚ್ಚಳವೊಂದನ್ನು ಅದರಲ್ಲಿ ಅದ್ದಿ, ಗುರುತಿಗೆಂದು ಗ್ಯಾರೇಜಿನ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸುತ್ತಿದ್ದ. ಆಮೇಲೆ ಊಟಕ್ಕೆ ಹೋಗುತ್ತಿದ್ದ.

ಈಚೀಚೆಗೆ ಕಣ್ಣು ಮಂಜಾಗಿತ್ತು. ಬರ್ನೀಸ್ ಹೇಳಿ ಹೇಳಿ ಸೋತ ಮೇಲೆ ಒಂದು ಕಣ್ಣಿನ ಪೊರೆ ತೆಗೆಸಿಕೊಂಡ. ಪಟ್ಟಿ ಬಿಚ್ಚಿದ ದಿನ ಅಡುಗೆಮನೆಯ ಗೋಡೆ ಬಿಳಿಯದೆಂದು ಗೊತ್ತಾಗಿ ಮಗುವಿನಂತೆ ಕುಣಿದಾಡಿದ. ಬರ್ನೀಸ್ ಚರ್ಚಿನ ಹೆಂಗಸರ ಜೊತೆ ಪಿರೋಗಿ ಕಡುಬು ಮಾಡಲು ಹೋದಳು. ಇವನು ಗ್ಯಾರೇಜಿಗೆ ಹೋದ.

ಗೋಡೆಯ ಮುಚ್ಚಳಗಳನ್ನು ಒಂದೊಂದಾಗಿ ನೋಡುತ್ತ ಹೋದ. ಮೊದಮೊದಲ ಮುಚ್ಚಳಗಳು ಸರಿಯಾಗಿಯೇ ಇದ್ದವು. ಮುಂದಿನವು ಬರಬರುತ್ತ ಕಪ್ಪಿಟ್ಟು, ಕೊನೆಯದು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಪೊರೆ ಕವಿದ ಕಣ್ಣಿಗೆ ಬಣ್ಣ ಮಂಕಾಗಿ ಕಂಡಷ್ಟೂ ಅವನು ನೀಲಿ ಸುರಿಯುತ್ತಲೇ ಹೋಗಿದ್ದ. ಆ ಕೊನೆಯ ಮುಚ್ಚಳ ರೂಫಸ್ ಟ್ಯಾಲಿಯ ಅರವತ್ತೇಳರ ಪಾಂಟಿಯಾಕಿನದು. ರೂಫಸ್ ಕಾರ್ಖಾನೆಯ ಕಾಲದ ಗೆಳೆಯ. ತೀರಿಹೋದ ತಮ್ಮನ ಕಾರನ್ನು ತುಕ್ಕಿನಿಂದ ಎತ್ತಿ ವರ್ಷಗಟ್ಟಲೆ ದುಡಿದು ನಿಲ್ಲಿಸಿದ್ದ. ಅದರ ಪ್ರದರ್ಶನ ಮಾರನೆಯ ದಿನವೇ ಇತ್ತು.

ಲಿಯೋಗೆ ಊಟ ಸೇರಲಿಲ್ಲ. ಸುಮ್ಮನಿದ್ದುಬಿಡೋಣ ಎಂದೂ ಒಮ್ಮೆ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೆ ಸತ್ತ ತಮ್ಮನ ಕಾರಿನ ಮುಂದೆ ನಿಂತು ರೂಫಸ್ ತಲೆ ತಗ್ಗಿಸುವುದನ್ನು ನೆನೆದ ಮೇಲೆ ಸುಮ್ಮನಿರಲಾಗಲಿಲ್ಲ. ಕೊನೆಗೆ ಕರಿ ಕನ್ನಡಕ ಏರಿಸಿಕೊಂಡು ಅವನ ಮನೆಯತ್ತ ನಡೆದ.

ರೂಫಸ್ ಕಾರಿನ ಬಂಪರ್ ಒರೆಸುತ್ತಿದ್ದ. ಲಿಯೋ ಕೂರಲೂ ಇಲ್ಲ.

"ರೂಫಸ್, ನಿನ್ನ ಎಂಜಿನ್ ನಾನು ಕೆಡಿಸಿದೀನಿ ಕಣೋ. ಕಣ್ಣು ಹೋಗಿತ್ತು, ನಂಗೇ ತಿಳೀಲಿಲ್ಲ. ನಾಳೆ ಹೋಗ್ಬೇಡ. ಎಲ್ಲಾ ಕೆರೆದು ಮತ್ತೆ ಬಳಿದು ಕೊಡ್ತೀನಿ."

ರೂಫಸ್ ಬಾನೆಟ್ ಎತ್ತಿದ. ಲಿಯೋ ಕನ್ನಡಕ ತೆಗೆದು ಬಗ್ಗಿದ. ಒಳಗಿದ್ದದ್ದು ಅದೇ ನೀಲಿ. ಅರವತ್ತೇಳರದ್ದೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಬೆರಳಿನಿಂದ ಉಜ್ಜಿ ನೋಡಿದ, ಪಕ್ಕಕ್ಕೆ ಸರಿದು ಬಿಸಿಲಿಗೆ ನೋಡಿದ. ಹೋದ ಜೀವ ಬಂದಂತಾಗಿ ಅಲ್ಲೇ ಇದ್ದ ಟೈರಿನ ಮೇಲೆ ಕುಸಿದು ಕೂತ.

"ನೀನು ಬೆರೆಸಿಟ್ಟು ಊಟಕ್ಕೆ ಹೋಗ್ತಿದ್ಯಲ್ಲ, ಆಗ ಬರ್ನೀಸ್ ಡಬ್ಬದ ಬಣ್ಣ ಸರಿ ಮಾಡ್ಕೊಂಡು ಆಮೇಲೆ ಹೊಡೀತಿದ್ಲು," ಎಂದ ರೂಫಸ್. "ಯಾವತ್ತಿಂದ ಅಂತ ನಂಗೂ ಗೊತ್ತಿಲ್ಲ ಮಾರಾಯ. ನಾನು ನೋಡ್ಬಿಟ್ಟೆ, ಬಾಯಿ ಬಿಟ್ರೆ ಜೋಕೆ ಅಂದ್ಲು."

ಮನೆಗೆ ಬಂದಾಗ ಬರ್ನೀಸ್ ಕೈಯ ಹಿಟ್ಟು ತೊಳೆಯುತ್ತಿದ್ದಳು. ದಾರಿಯುದ್ದಕ್ಕೂ ಸಿಟ್ಟು ಮಾಡಿಕೊಳ್ಳಲು ನೋಡಿದ್ದ, ಬಂದಿರಲಿಲ್ಲ. ಯಾಕೆ ಹೇಳಲಿಲ್ಲ ಎಂದಷ್ಟೇ ಕೇಳಿದ.

"ಹೇಳಿದ್ರೆ ನೀನು ಗ್ಯಾರೇಜಿಗೆ ಬೀಗ ಹಾಕಿ ಟೀವಿ ಮುಂದೆ ಕೂತ್ಬಿಡ್ತಿದ್ದೆ. ಇಡೀ ದಿನ ನಿನ್ನ ಮುಖ ನೋಡ್ಬೇಕಾಗಿದ್ದು ನಾನು ತಾನೆ?"

"ಮಾದರಿ ಎಲ್ಲಿತ್ತು ನಿನ್ನತ್ರ?"

"ಮಾದರಿ ಯಾಕೆ? ಕಾರ್ಖಾನೇಲಿ ನಿನ್ನ ಪಕ್ಕದಲ್ಲೇ ನಿಂತಿದ್ನಲ್ಲೋ. ಮದುವೆ ದಿನ ನನ್ನ ಉಗುರು ತುಂಬಾ ಅದೇ ಬಣ್ಣ. ನಮ್ಮಮ್ಮ ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಇದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ, ಆ ನೀಲಿಯನ್ನು ಒಬ್ಬನೇ ಹೊತ್ತು ತಿರುಗುವ ಭಾರ ಇಳಿದು ಹಗುರಾಯಿತು.

ಮಾರನೆಯ ದಿನ ಪ್ರದರ್ಶನದಲ್ಲಿ ತೀರ್ಪುಗಾರ ಬಾನೆಟ್ಟಿನೊಳಗೆ ಬಹಳ ಹೊತ್ತು ನೋಡಿ, ಬಣ್ಣ ಬೆರೆಸಿದ್ದು ಯಾರೆಂದು ಕೇಳಿದ. ರೂಫಸ್ ಅಭ್ಯಾಸಬಲದಿಂದ ಲಿಯೋನತ್ತ ಕೈ ತೋರಿಸಿದ. ಲಿಯೋ ಬರ್ನೀಸಳ ಭುಜ ಹಿಡಿದು ಮುಂದಕ್ಕೆ ನಿಲ್ಲಿಸಿದ.

"ಇವಳು," ಎಂದ.

ಬರ್ನೀಸ್ ಉದ್ದಕ್ಕೊಂದು ಉಸಿರು ಬಿಟ್ಟಳು. "ಅಬ್ಬ, ಇನ್ನು ಕದ್ದು ಬೆರೆಸೋದು ತಪ್ತು," ಎಂದು ತೀರ್ಪುಗಾರನಿಗೇ ಹೇಳಿದಳು.